ಎಳೆಯ ಮಕ್ಕಳಿರುವ ಮನೆ, ಪರಿಸರಸ್ನೇಹಿ ಬದುಕು: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಐದಾರು ವರ್ಷದೊಳಗಿನ ಮಕ್ಕಳಿರುವ ಮನೆಗಳವು. ರಾಸಾಯನಿಕ ಮತ್ತು ಪ್ಲಾಸ್ಟಿಕ್ ಬಳಕೆಯನ್ನು ಆದಷ್ಟು ಇಳಿಸಿ, ಬೇಕಾದ್ದನ್ನು ಮನೆಯಲ್ಲೇ ಮಾಡಿಕೊಳ್ಳಬೇಕೆಂಬ ಹಂಬಲ ಎಲ್ಲ ಪತ್ರಗಳಲ್ಲೂ ಇದೆ. ಒಂದೇ ವಿಷಯ ಕೇಳಿದ ಪತ್ರಗಳನ್ನು ಒಟ್ಟುಗೂಡಿಸಿ, ಪ್ರಶ್ನೆಗಳನ್ನು ಚಿಕ್ಕದಾಗಿಸಿ ಇಲ್ಲಿ ಕೊಡಲಾಗಿದೆ.

ಪ್ರಶ್ನೆ: ನಮ್ಮ ಮಗುವಿಗೆ ನಾಲ್ಕು ತಿಂಗಳು. ಬಳಸಿ ಎಸೆಯುವ ಡಯಾಪರ್ ಬಿಟ್ಟು ಬಟ್ಟೆಯದಕ್ಕೆ ಬರಬೇಕೆಂದು ನನಗೆ ಆಸೆ. ಒಗೆಯಲು ಬೇಕಾಗುವ ನೀರು, ವಿದ್ಯುತ್ತು, ಸೋಪಿನ ಪುಡಿ ಎಲ್ಲವನ್ನೂ ಲೆಕ್ಕ ಹಾಕಿದರೆ ಎರಡೂ ಒಂದೇ ಎಂದು ನನ್ನ ಯಜಮಾನರು ವಾದಿಸುತ್ತಾರೆ. ಯಾರ ಮಾತು ಸರಿ?

ಉತ್ತರ: ನಿಮ್ಮ ಯಜಮಾನರ ವಾದವನ್ನು ತಳ್ಳಿಹಾಕುವಂತಿಲ್ಲ. ಬ್ರಿಟನ್ನಿನ ಎನ್ವಿರಾನ್‌ಮೆಂಟ್ ಏಜೆನ್ಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಹತ್ತಿ ಬೆಳೆಯುವುದರಿಂದ ಹಿಡಿದು ಕಸದ ಗುಂಡಿಯವರೆಗಿನ ಎಲ್ಲ ಹಂತಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು. ಮಗುವೊಂದು ಎರಡೂವರೆ ವರ್ಷ ಡಯಾಪರ್ ಬಳಸಿದರೆ, ಎಸೆಯುವ ಬಗೆಯಿಂದ ಸುಮಾರು 550 ಕಿಲೋಗ್ರಾಂ, ಬಟ್ಟೆಯ ಬಗೆಯಿಂದ ಸುಮಾರು 570 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡಿಗೆ ಸಮನಾದ ಹೊರಸೂಸುವಿಕೆ ಆಗುತ್ತದೆಂದು ಅದು ಹೇಳಿತು. ಅಂದರೆ ಸರಾಸರಿಯಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ. ಆದರೆ ಆ ವರದಿಯಲ್ಲಿ ನಿಜಕ್ಕೂ ಓದಬೇಕಾದದ್ದು ಈ ಸರಾಸರಿಯನ್ನಲ್ಲ, ಅದರ ಮುಂದಿನ ಭಾಗವನ್ನು. ಎಸೆಯುವ ಡಯಾಪರಿನ ಹೊರೆ ಕಾರ್ಖಾನೆಯಲ್ಲೇ ಬಹುಪಾಲು ನಿಶ್ಚಯವಾಗಿಬಿಡುತ್ತದೆ. ನಾವು ಏನು ಮಾಡಿದರೂ ಅದು ಇಳಿಯುವುದಿಲ್ಲ. ಬಟ್ಟೆಯದರ ಹೊರೆ ಮಾತ್ರ ಮನೆಯ ಒಗೆತದಲ್ಲಿದೆ. ಯಂತ್ರವನ್ನು ತುಂಬಿಸಿ ಒಗೆದು, ಹೊರಗೆ ಹಗ್ಗದ ಮೇಲೆ ಒಣಗಿಸಿ, ಅದೇ ಬಟ್ಟೆಗಳನ್ನು ಎರಡನೆಯ ಮಗುವಿಗೂ ಬಳಸಿದರೆ ಹೊರೆ ಶೇಕಡಾ 40ರಷ್ಟು ಇಳಿಯುತ್ತದೆ. ಎಲ್ಲವನ್ನೂ ಬಿಸಿಗಾಳಿಯ ಯಂತ್ರದಲ್ಲಿ ಒಣಗಿಸಿದರೆ ಶೇಕಡಾ 43ರಷ್ಟು ಏರುತ್ತದೆ. 60 ಡಿಗ್ರಿಯ ಬದಲು 90 ಡಿಗ್ರಿಯಲ್ಲಿ ಒಗೆದರೆ ಶೇಕಡಾ 31ರಷ್ಟು ಏರುತ್ತದೆ. 2023ರಲ್ಲಿ ಬ್ರಿಟನ್ ಸರ್ಕಾರ ಇದೇ ಲೆಕ್ಕವನ್ನು ಹೊಸದಾಗಿ ಮಾಡಿಸಿದಾಗ ಬಟ್ಟೆಯ ಡಯಾಪರ್ ಸುಮಾರು ಶೇಕಡಾ 25ರಷ್ಟು ಮುಂದಿತ್ತು. ಹಾಗಾಗಿ ಬಟ್ಟೆಯದನ್ನೇ ಆರಿಸಿಕೊಳ್ಳಿ, ಆದರೆ ಬಿಸಿಲಿನಲ್ಲಿ ಒಣಗಿಸುವ ಅನುಕೂಲ ನಿಮಗಿದೆಯೇ ಎಂಬುದನ್ನು ಮೊದಲು ನೋಡಿಕೊಳ್ಳಿ.

ಕಸದ ಮಾತು ಬೇರೆ. ಎಸೆಯುವ ಡಯಾಪರಿನ ಹೊರಪದರ ಪಾಲಿಪ್ರೊಪಿಲೀನ್ ಮತ್ತು ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್‌ಗಳದು. ಒಳಗೆ ಮರದ ತಿರುಳಿನ ಜೊತೆಗೆ ಸೋಡಿಯಂ ಪಾಲಿಅಕ್ರಿಲೇಟ್ ಎಂಬ, ತನ್ನ ತೂಕದ ನೂರಾರು ಪಟ್ಟು ನೀರನ್ನು ಹೀರಿ ಲೋಳೆಯಾಗುವ ಹರಳುಗಳಿರುತ್ತವೆ. ಇವುಗಳಲ್ಲಿ ಮರದ ತಿರುಳು ಬಿಟ್ಟು ಉಳಿದದ್ದು ಮಣ್ಣಿನಲ್ಲಿ ಬೇಗ ಕರಗುವಂಥದ್ದಲ್ಲ. ಈ ಒಂದು ವಿಷಯದಲ್ಲಿ ಬಟ್ಟೆಗೆ ಎದುರಾಳಿಯೇ ಇಲ್ಲ.

ಇನ್ನು ಒಗೆಯುವ ಕ್ರಮ. ಬಟ್ಟೆಯ ಡಯಾಪರನ್ನು ಎರಡೇ ತಿಂಗಳಲ್ಲಿ ಕೈಬಿಡುವವರು ಬಹುಮಟ್ಟಿಗೆ ಸೋಲುವುದು ಇಲ್ಲಿಯೇ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮಲವನ್ನು ಮೊದಲು ಶೌಚದ ಗುಂಡಿಗೆ ಉದುರಿಸಬೇಕು. ತೆಳುವಾದ ಬಟ್ಟೆಯೊಂದನ್ನು ಮೇಲ್ಪದರವಾಗಿ ಹಾಸಿದ್ದರೆ ಈ ಕೆಲಸ ಅರ್ಧ ನಿಮಿಷದ್ದು. ನಂತರ ಬಟ್ಟೆಯನ್ನು ನೀರಿನ ಬಕೆಟ್‌ನಲ್ಲಿ ನೆನೆಹಾಕಬೇಡಿ, ಗಾಳಿಯಾಡುವ ಬುಟ್ಟಿಯಲ್ಲಿ ಹಾಗೆಯೇ ಇಡಿ. ನೆನೆಹಾಕಿದ ನೀರು ಒಂದು ದಿನದಲ್ಲಿ ನಾರತೊಡಗುತ್ತದೆ, ಅದಕ್ಕಿಂತ ಮುಖ್ಯವಾಗಿ ಅಂಬೆಗಾಲಿಡುವ ಮಗುವಿರುವ ಮನೆಯಲ್ಲಿ ನೀರು ತುಂಬಿದ ಬಕೆಟ್ ಜೀವಕ್ಕೆ ಅಪಾಯ. ಕೆಲವೇ ಸೆಂಟಿಮೀಟರ್ ನೀರಿನಲ್ಲೂ ಮಗು ಮುಳುಗಬಲ್ಲದು. ಎರಡು ದಿನಕ್ಕೊಮ್ಮೆ ಒಗೆಯುವಾಗ ಮೊದಲ ಸುತ್ತು ತಣ್ಣೀರಿನಲ್ಲಿರಲಿ. ನೇರವಾಗಿ ಬಿಸಿನೀರಿಗೆ ಹಾಕಿದರೆ ಕೊಳೆಯಲ್ಲಿರುವ ಪ್ರೋಟೀನು ನೂಲಿಗೆ ಕಚ್ಚಿಕೊಳ್ಳುತ್ತದೆ, ಕಲೆ ಮತ್ತೆ ಬಿಡುವುದಿಲ್ಲ. ಎರಡನೆಯ ಸುತ್ತು 60 ಡಿಗ್ರಿಯ ನೀರಿನಲ್ಲಿ, ಸೋಪಿನ ಪುಡಿಯ ಪೂರ್ತಿ ಅಳತೆಯೊಂದಿಗೆ. ಪರಿಸರದ ಹೆಸರಿನಲ್ಲಿ ಪುಡಿಯನ್ನು ಕಡಿಮೆ ಹಾಕುವವರಿದ್ದಾರೆ. ಆಗ ಮೂತ್ರದ ಅಂಶ ನೂಲಿನಲ್ಲೇ ಉಳಿದು, ಮಗು ಮತ್ತೆ ಒದ್ದೆ ಮಾಡಿದೊಡನೆ ಕಣ್ಣಿಗೆ ಕುಟುಕುವ ಅಮೋನಿಯಾ ವಾಸನೆ ಏಳುತ್ತದೆ, ಚರ್ಮವೂ ಕೆಂಪಾಗುತ್ತದೆ. ಬಟ್ಟೆ ಮೃದುವಾಗಲೆಂದು ಬಳಸುವ ದ್ರವ ಬೇಡ, ಅದು ನೂಲಿನ ಮೇಲೆ ಲೇಪವಾಗಿ ಕೂತು ಹೀರುವ ಗುಣವನ್ನು ಕೆಡಿಸುತ್ತದೆ. ಚರ್ಮಕ್ಕೆ ಹಚ್ಚುವ ದಪ್ಪ ಮುಲಾಮಿನಿಂದಲೂ ಹೀಗೆಯೇ ಆಗುವುದರಿಂದ, ಮುಲಾಮು ಹಚ್ಚಿದ ದಿನ ಮೇಲ್ಪದರದ ತೆಳುಬಟ್ಟೆಯನ್ನು ತಪ್ಪಿಸಬೇಡಿ.

ನಾಲ್ಕು ತಿಂಗಳ ಮಗುವಿಗೆ ಎರಡು ದಿನದ ಒಗೆತದ ಲೆಕ್ಕದಲ್ಲಿ 20ರಿಂದ 24 ಡಯಾಪರ್ ಸಾಕು. ಇವು ಹೊಸತೇ ಆಗಬೇಕೆಂದಿಲ್ಲ. ರಾತ್ರಿಗೆ ಮತ್ತು ಪ್ರಯಾಣಕ್ಕೆ ಎಸೆಯುವ ಡಯಾಪರನ್ನು ಬಳಸಿದರೆ ಅದೇನೂ ಸೋಲಲ್ಲ. ಹಗಲಿನ ಆರನ್ನು ಉಳಿಸುವ ಮನೆ, ಎಲ್ಲವನ್ನೂ ಉಳಿಸಲು ಹೋಗಿ ಮೂರನೆಯ ವಾರಕ್ಕೆ ಕೈಚೆಲ್ಲುವ ಮನೆಗಿಂತ ಹೆಚ್ಚನ್ನೇ ಉಳಿಸುತ್ತದೆ.

ಪ್ರಶ್ನೆ: ಮಗು ನೆಲದ ಮೇಲೆ ತೆವಳುತ್ತದೆ, ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತದೆ. ಆದ್ದರಿಂದ ಅಂಗಡಿಯ ದ್ರವಗಳನ್ನು ಬಿಟ್ಟು ವಿನೆಗರ್, ಅಡುಗೆ ಸೋಡಾ ಬೆರೆಸಿ ಬಾಟಲಿಯಲ್ಲಿಟ್ಟುಕೊಂಡಿದ್ದೇನೆ. ರೋಗಾಣು ಸಾಯಲು ಇದಕ್ಕೆ ಸ್ವಲ್ಪ ಬ್ಲೀಚ್ ಸೇರಿಸಬಹುದೆಂದು ಗೆಳತಿ ಹೇಳಿದಳು. ಸೇರಿಸಲೇ?

ಉತ್ತರ: ಖಂಡಿತ ಸೇರಿಸಬೇಡಿ. ಬ್ಲೀಚ್ ಎಂದರೆ ಸೋಡಿಯಂ ಹೈಪೊಕ್ಲೋರೈಟ್. ಅದಕ್ಕೆ ವಿನೆಗರ್, ನಿಂಬೆರಸ, ಶೌಚಾಲಯ ತೊಳೆಯುವ ಆಮ್ಲ ಹೀಗೆ ಯಾವ ಹುಳಿ ಸೇರಿದರೂ ಕ್ಲೋರಿನ್ ಅನಿಲ ಹೊರಡುತ್ತದೆ. ಅಮೋನಿಯಾ ಇರುವ ದ್ರವ ಸೇರಿದರೆ ಕ್ಲೋರಮೀನ್ ಅನಿಲ. ಎರಡೂ ಗಂಟಲು, ಶ್ವಾಸಕೋಶಗಳನ್ನು ಸುಡುವಂಥವು. ಕ್ಲೋರಿನ್ ಗಾಳಿಗಿಂತ ಭಾರವಾದ್ದರಿಂದ ನೆಲದ ಮಟ್ಟದಲ್ಲೇ ಹರಡಿಕೊಳ್ಳುತ್ತದೆ, ಅಂದರೆ ನಿಮ್ಮ ಮೂಗಿಗಿಂತ ಮೊದಲು ತೆವಳುವ ಮಗುವಿನ ಮೂಗಿಗೆ ತಲಪುತ್ತದೆ. ಈಗಾಗಲೇ ಬೆರೆಸಿ, ಕಟುವಾದ ವಾಸನೆ ಬಂದಿದ್ದರೆ ಮಗುವನ್ನು ಎತ್ತಿಕೊಂಡು ಹೊರಗೆ ಹೋಗಿ, ಕಿಟಕಿಗಳನ್ನು ತೆರೆದಿಡಿ. ಕೆಮ್ಮು ನಿಲ್ಲದಿದ್ದರೆ ವೈದ್ಯರಲ್ಲಿಗೆ ಹೋಗಿ. ಹೈಡ್ರೋಜನ್ ಪೆರಾಕ್ಸೈಡ್ ಮತ್ತು ವಿನೆಗರ್ ಅನ್ನು ಒಂದೇ ಬಾಟಲಿಗೆ ಹಾಕುವ ಸಲಹೆಯೂ ಹಲವೆಡೆ ಓಡಾಡುತ್ತಿದೆ. ಅದರಲ್ಲಿ ಪೆರಾಸಿಟಿಕ್ ಆಮ್ಲ ಹುಟ್ಟುತ್ತದೆ, ಅದೂ ಕಣ್ಣಿಗೆ, ಉಸಿರಿಗೆ ಕೆಟ್ಟದ್ದು.

ನೀವು ಈಗ ಬಾಟಲಿಯಲ್ಲಿಟ್ಟಿರುವ ಮಿಶ್ರಣದಿಂದ ಅಪಾಯವಿಲ್ಲ, ಪ್ರಯೋಜನವೂ ಅಷ್ಟಕ್ಕಷ್ಟೇ. ವಿನೆಗರ್ ಆಮ್ಲ, ಅಡುಗೆ ಸೋಡಾ ಕ್ಷಾರ. ಬೆರೆತೊಡನೆ ಎರಡೂ ಒಂದನ್ನೊಂದು ತಟಸ್ಥಗೊಳಿಸಿ, ಇಂಗಾಲದ ಡೈಆಕ್ಸೈಡ್ ಗುಳ್ಳೆಗಳಾಗಿ ಹಾರಿಹೋಗುತ್ತದೆ. ಬಾಟಲಿಯಲ್ಲಿ ಉಳಿಯುವುದು ಸೋಡಿಯಂ ಅಸಿಟೇಟ್ ಕರಗಿದ ನೀರು. ನೊರೆಯ ಅಬ್ಬರ ನೋಡಿ ಕೊಳೆ ಕೀಳುತ್ತಿದೆ ಎಂದು ನಾವು ನಂಬುತ್ತೇವೆ. ಅವುಗಳನ್ನು ಬೇರೆಬೇರೆಯಾಗಿ ಬಳಸಿದಾಗಲೇ ಅವುಗಳ ಗುಣ ಉಪಯೋಗಕ್ಕೆ ಬರುವುದು. ಶೇಕಡಾ 5ರಷ್ಟು ಅಸಿಟಿಕ್ ಆಮ್ಲವಿರುವ ಸಾಧಾರಣ ವಿನೆಗರ್, ನಲ್ಲಿಯ ಮೇಲೆ ಮತ್ತು ಕುದಿಸುವ ಪಾತ್ರೆಯೊಳಗೆ ಗಡಸು ನೀರಿನಿಂದ ಕಟ್ಟುವ ಬಿಳಿ ಪೊರೆಯನ್ನು ಕರಗಿಸುತ್ತದೆ. ಆದರೆ ಅಮೃತಶಿಲೆಯ ಮೇಲೆ ಅದನ್ನು ಹಾಕಬಾರದು, ಏಕೆಂದರೆ ಆ ಪೊರೆಯೂ ಆ ಕಲ್ಲೂ ಕ್ಯಾಲ್ಸಿಯಂ ಕಾರ್ಬೊನೇಟೇ. ಹೊಳಪು ಹೋದರೆ ಮರಳಿ ಬಾರದು. ಅಡುಗೆ ಸೋಡಾದ ಒದ್ದೆ ಹಿಟ್ಟಿನಿಂದ ತಿಕ್ಕಿದರೆ ಸಿಂಕು, ಪಾತ್ರೆ, ಒಲೆಯ ಮೇಲಿನ ಜಿಡ್ಡು ಗೀರು ಬೀಳದೆ ಹೋಗುತ್ತದೆ.

ಇನ್ನು ರೋಗಾಣುಗಳ ವಿಷಯ. ಆರೋಗ್ಯವಂತರಿರುವ ಮನೆಯ ನೆಲವನ್ನು ಪ್ರತಿದಿನ ಸೋಂಕುರಹಿತಗೊಳಿಸಬೇಕಾಗಿಲ್ಲ. ಸಾಬೂನು ನೀರಿನಲ್ಲಿ ಒರೆಸಿ, ಆಮೇಲೆ ಬರಿ ನೀರಿನಲ್ಲಿ ಒಮ್ಮೆ ಒರೆಸಿದರೆ ಸಾಕು. ಸಾಬೂನು ರೋಗಾಣುಗಳನ್ನು ಕೊಳೆಯ ಸಮೇತ ಎಬ್ಬಿಸಿ ಒಯ್ಯುತ್ತದೆ. ಮನೆಯಲ್ಲಿ ವಾಂತಿ ಭೇದಿ ಕಾಣಿಸಿಕೊಂಡಾಗ ಮಾತ್ರ ಬ್ಲೀಚನ್ನು, ಬರೀ ನೀರಿನಲ್ಲಿ, ಡಬ್ಬಿಯ ಮೇಲೆ ಬರೆದಿರುವ ಪ್ರಮಾಣದಲ್ಲೇ ಬೆರೆಸಿ ಬಳಸಿ. ಅಂಥ ಹೊತ್ತಿನಲ್ಲಿ ಬ್ಲೀಚಿನ ಕೆಲಸವನ್ನು ವಿನೆಗರ್ ಮಾಡಲಾರದು.

ಮನೆಯಲ್ಲಿ ಮಾಡಿದ ದ್ರವಗಳಿಗೆ ಇನ್ನೊಂದು ಅಪಾಯವಿದೆ. ಅಂಗಡಿಯ ಬಾಟಲಿಗೆ ಎಚ್ಚರಿಕೆಯ ಚೀಟಿ ಇರುತ್ತದೆ, ಕೆಲವಕ್ಕೆ ಮಕ್ಕಳು ತೆರೆಯಲಾಗದ ಮುಚ್ಚಳವೂ ಇರುತ್ತದೆ. ನಾವು ಕುಡಿಯುವ ನೀರಿನ ಬಾಟಲಿಗೇ ಅದನ್ನು ತುಂಬಿ, ಕೈಗೆಟಕುವ ಜಾಗದಲ್ಲಿ ಇಡುತ್ತೇವೆ. ನೈಸರ್ಗಿಕ ಎಂಬ ನೆಪದಲ್ಲಿ ಸುವಾಸನೆಗೆಂದು ಸೇರಿಸುವ ಕರ್ಪೂರ, ನೀಲಗಿರಿ ಎಣ್ಣೆಗಳಂತೂ ಕೆಲವೇ ಮಿಲಿಲೀಟರ್ ಹೊಟ್ಟೆಗೆ ಹೋದರೂ ಎಳೆಯ ಮಕ್ಕಳಿಗೆ ಸೆಳವು ತರಬಲ್ಲವು. ಬೋರಾಕ್ಸ್ ಪುಡಿಯೂ ಅಡುಗೆ ಸೋಡಾದ ತಮ್ಮನೇನಲ್ಲ. ಸಂತಾನಶಕ್ತಿಗೆ ಹಾನಿಕರವಾದ ವಸ್ತುಗಳ ಪಟ್ಟಿಯಲ್ಲಿ ಯುರೋಪಿನ ಒಕ್ಕೂಟ ಅದನ್ನು ಸೇರಿಸಿದೆ. ಮಕ್ಕಳು ಕೈಯಾಡಿಸುವ ಲೋಳೆಯ ಆಟಿಕೆಗೆ ಅದನ್ನು ಬಳಸುವ ವಿಧಾನಗಳನ್ನು ಕಂಡರೆ ಮುಂದಕ್ಕೆ ಓದಬೇಡಿ.

ಪ್ರಶ್ನೆ: ಮೂರು ವರ್ಷದ ಮಗಳ ಜೊತೆ ಕುಳಿತು ಮನೆಯಲ್ಲೇ ಸಾಬೂನು ಮಾಡಬೇಕೆಂದಿದ್ದೇನೆ. ಕಾಸ್ಟಿಕ್ ಸೋಡಾ ಇಲ್ಲದೆ ಮಾಡುವ ವಿಧಾನ ತಿಳಿಸಿ.

ಉತ್ತರ: ಅಂಥ ವಿಧಾನವಿಲ್ಲ. ಎಣ್ಣೆ ಅಥವಾ ಕೊಬ್ಬಿಗೆ ಪ್ರಬಲ ಕ್ಷಾರ ಸೇರಿದಾಗಲೇ ಸಾಬೂನು ಆಗುವುದು. ಗಟ್ಟಿ ಸಾಬೂನಿಗೆ ಸೋಡಿಯಂ ಹೈಡ್ರಾಕ್ಸೈಡ್, ಅಂದರೆ ಕಾಸ್ಟಿಕ್ ಸೋಡಾ. ದ್ರವ ಸಾಬೂನಿಗೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್. ಲೆಕ್ಕ ಸರಿಯಿದ್ದು 4ರಿಂದ 6 ವಾರ ಪಕ್ವವಾಗಲು ಬಿಟ್ಟ ಸಾಬೂನಿನಲ್ಲಿ ಕ್ಷಾರ ಉಳಿದಿರುವುದಿಲ್ಲ, ಆದರೆ ಮಾಡುವ ಗಳಿಗೆಯಲ್ಲಿ ಅದು ಚರ್ಮವನ್ನೂ ಕಣ್ಣನ್ನೂ ಸುಡುವ ವಸ್ತು. ನೀರಿಗೆ ಹಾಕಿದೊಡನೆ ದ್ರಾವಣ ತಾನೇ ಕಾದು ಹಬೆಯಾಡುತ್ತದೆ. ಮಗು ಇರುವ ಕೋಣೆಯಲ್ಲಿ, ಅಷ್ಟೇಕೆ, ಮಗು ಎಚ್ಚರವಿರುವ ಹೊತ್ತಿನಲ್ಲಿ ಇದಕ್ಕೆ ಕೈಹಾಕಬೇಡಿ. ಮಗಳೊಂದಿಗೆ ಮಾಡಲೇಬೇಕೆಂದಿದ್ದರೆ, ಆಗಲೇ ಸಾಬೂನಾಗಿರುವ ಬಿಲ್ಲೆಗಳು ಕರಗಿಸಿ ಅಚ್ಚಿಗೆ ಹುಯ್ಯಲೆಂದೇ ಸಿಗುತ್ತವೆ. ಬಿಸಿ ಮಾಡುವುದು ನೀವು, ತಣಿದ ಮೇಲೆ ಅಚ್ಚಿನಿಂದ ಬಿಡಿಸುವುದು ಅವಳು. ಅಂಟುವಾಳದ ಕಾಯಿಯನ್ನು ನೆನೆಹಾಕಿ ಕೈಯಿಂದ ಕಿವುಚಿ ನೊರೆ ಬರಿಸುವುದಂತೂ ಮಕ್ಕಳಿಗೆ ಬಲು ಇಷ್ಟದ ಕೆಲಸ. ಸಾಬೂನಿನ ಗುಣ ಕೊಡುವ ಸಪೋನಿನ್ ಅದರ ಸಿಪ್ಪೆಯಲ್ಲೇ ಇದೆ. ಆ ನೀರು ಕಣ್ಣಿಗೆ ಬಿದ್ದರೆ ಮಾತ್ರ ಬಹಳ ಉರಿಯುತ್ತದೆ, ಜೊತೆಯಲ್ಲಿ ಕುಳಿತಿರಿ.

ಪ್ರಶ್ನೆ: ಹಲ್ಲುಜ್ಜುವ ಪೇಸ್ಟು, ಬಿಸಿಲಿಗೆ ಹಚ್ಚುವ ಕ್ರೀಮು, ಮಗುವಿನ ಹಾಲಿನ ಪುಡಿ, ಇವುಗಳಲ್ಲಿ ಯಾವುದನ್ನು ಮನೆಯಲ್ಲಿ ಮಾಡಬಹುದು?

ಉತ್ತರ: ಮೂರನ್ನೂ ಮಾಡಬೇಡಿ. ಎದೆಹಾಲು ಸಾಲದ ಮಗುವಿಗೆ ಕೊಡುವ ಪುಡಿಹಾಲಿನಲ್ಲಿ ಪ್ರೋಟೀನು, ಉಪ್ಪಿನಂಶ, ಕ್ಯಾಲ್ಸಿಯಂ, ಕಬ್ಬಿಣ, ವಿಟಮಿನ್‌ಗಳ ಪ್ರಮಾಣ ಮಗುವಿನ ಮೂತ್ರಪಿಂಡ ತಾಳಿಕೊಳ್ಳುವ ಕಟ್ಟುನಿಟ್ಟಿನ ಮಿತಿಯಲ್ಲಿರುತ್ತದೆ. ಮನೆಯ ಮಿಶ್ರಣ ಕುಡಿದ ಶಿಶುಗಳು ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದು ಆಸ್ಪತ್ರೆ ಸೇರಿದ್ದನ್ನು ಕಂಡು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2021ರಲ್ಲಿ ಪೋಷಕರಿಗೆ ಎಚ್ಚರಿಕೆ ನೀಡಿತು. ಇದೇ ಮಾತಿನಲ್ಲಿ ಇನ್ನೊಂದು: ಒಂದು ವರ್ಷ ತುಂಬದ ಮಗುವಿಗೆ ಜೇನುತುಪ್ಪ ನೆಕ್ಕಿಸಬೇಡಿ. ಅದರಲ್ಲಿರಬಹುದಾದ ಬೊಟುಲಿಸಂ ಬೀಜಾಣುಗಳು ಎಳೆಯ ಕರುಳಿನಲ್ಲಿ ಮೊಳೆತು ವಿಷ ಉಂಟುಮಾಡುತ್ತವೆ, ಕುದಿಸಿದರೂ ಆ ಬೀಜಾಣುಗಳು ಸಾಯುವುದಿಲ್ಲ.

ಬಿಸಿಲಿನ ಕ್ರೀಮಿನಲ್ಲಿ ಜಿಂಕ್ ಆಕ್ಸೈಡ್ ಎಲ್ಲೆಡೆ ಸಮನಾಗಿ ಹರಡಿರಬೇಕು. ಮನೆಯಲ್ಲಿ ಕಲಸಿದಾಗ ಅದು ಗಂಟುಕಟ್ಟಿ, ನಡುನಡುವೆ ಚರ್ಮ ಬೋಳಾಗಿ ಉಳಿಯುತ್ತದೆ. ಹಚ್ಚಿದ್ದೇವೆಂಬ ಧೈರ್ಯದಲ್ಲಿ ಮಗುವನ್ನು ಹೆಚ್ಚು ಹೊತ್ತು ಬಿಸಿಲಿನಲ್ಲಿ ಬಿಡುತ್ತೇವೆ. ಆರು ತಿಂಗಳೊಳಗಿನ ಮಗುವಿಗೆ ನೆರಳು, ತೋಳು ಮುಚ್ಚುವ ಅಂಗಿ, ಅಂಚಿನ ಟೋಪಿ, ಇಷ್ಟೇ ಸರಿಯಾದ ಉಪಾಯ. ಇದಕ್ಕಿಂತ ಪರಿಸರಸ್ನೇಹಿಯಾದ ಕ್ರೀಮೂ ಇಲ್ಲ. ಪೇಸ್ಟಿನ ಮಟ್ಟಿಗೆ ಹುಳುಕು ತಡೆಯುವುದು ಫ್ಲೋರೈಡ್. ಮನೆಯ ಪುಡಿಗಳಲ್ಲಿ ಅದಿರುವುದಿಲ್ಲ. ಮೂರು ವರ್ಷದವರೆಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರರವರೆಗೆ ಬಟಾಣಿ ಕಾಳಿನಷ್ಟು ಪೇಸ್ಟು ಸಾಕು. ಜಾಹೀರಾತಿನಲ್ಲಿ ಬ್ರಷ್ಷಿನ ಉದ್ದಕ್ಕೂ ಹಚ್ಚುತ್ತಾರಲ್ಲ, ಅದರ ಹತ್ತಿರವೂ ಹೋಗಬೇಕಾಗಿಲ್ಲ. ಒಂದು ಟ್ಯೂಬು ತಿಂಗಳುಗಟ್ಟಲೆ ಬರುತ್ತದೆ.

ಪ್ರಶ್ನೆ: ಹಾಲಿನ ಬಾಟಲಿಯ ಪ್ಲಾಸ್ಟಿಕ್ಕಿನಿಂದ ಸೂಕ್ಷ್ಮ ಕಣಗಳು ಬರುತ್ತವೆಂದು ಓದಿ ಗಾಬರಿಯಾಗಿದೆ. ಗಾಜಿಗೆ ಬದಲಾಯಿಸಲೇ?

ಉತ್ತರ: ಬದಲಾಯಿಸುವುದಾದರೆ ಗಾಜು ಅಥವಾ ಸ್ಟೀಲು ಎರಡೂ ಒಳ್ಳೆಯವು, ಬಾಟಲಿಯನ್ನು ಮಗುವೇ ಹಿಡಿದುಕೊಳ್ಳುವ ವಯಸ್ಸಾಗಿದ್ದರೆ ಸ್ಟೀಲು ಮೇಲು. ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಪಾಲಿಪ್ರೊಪಿಲೀನ್ ಬಾಟಲಿಗಳು ಪ್ರತಿ ಲೀಟರಿಗೆ 1.6 ಕೋಟಿಯವರೆಗೂ ಸೂಕ್ಷ್ಮ ಕಣಗಳನ್ನು ಬಿಡಬಲ್ಲವು. ಕಣಗಳ ಸಂಖ್ಯೆ ನೀರಿನ ಬಿಸಿ ಏರಿದಂತೆ ಬಹಳ ಹೆಚ್ಚುತ್ತದೆ ಎಂಬುದೇ ನಿಮಗೆ ಉಪಯೋಗದ ಮಾಹಿತಿ. ಅವು ಮಗುವಿನ ಆರೋಗ್ಯಕ್ಕೆ ಏನು ಮಾಡುತ್ತವೆ ಎಂಬುದಕ್ಕೆ ವಿಜ್ಞಾನದಲ್ಲಿ ಇನ್ನೂ ಖಚಿತ ಉತ್ತರ ಸಿಕ್ಕಿಲ್ಲ, ಆದ್ದರಿಂದ ಗಾಬರಿ ಬೇಡ. ಇರುವ ಬಾಟಲಿಯಲ್ಲೇ ಮುಂದುವರಿಯುವುದಾದರೆ, ಕುದಿಸಿದ ಬಾಟಲಿಯನ್ನು ಕುದಿಸಿ ಆರಿಸಿದ ನೀರಿನಲ್ಲಿ ಮೂರು ಸಲ ಜಾಲಿಸಿ. ಪುಡಿಹಾಲನ್ನು ಗಾಜಿನ ಅಥವಾ ಸ್ಟೀಲಿನ ಪಾತ್ರೆಯಲ್ಲಿ ಕಲಸಿ, ಆರಿದ ಮೇಲೆ ಬಾಟಲಿಗೆ ಹಾಕಿ. ಆದರೆ ಕಣಗಳಿಗೆ ಹೆದರಿ ಪುಡಿಯನ್ನು ತಣ್ಣೀರಿನಲ್ಲಿ ಕಲಸಬೇಡಿ. ಪುಡಿಯಲ್ಲಿರಬಹುದಾದ ರೋಗಾಣು ಸಾಯಲು ನೀರು 70 ಡಿಗ್ರಿಗಿಂತ ಕಡಿಮೆಯಿರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ.

ಪ್ರಶ್ನೆ: ಮನೆಯ ಪ್ಲಾಸ್ಟಿಕ್ ಆಟಿಕೆಗಳನ್ನೆಲ್ಲ ಎಸೆದು ಮರದವುಗಳನ್ನು ತರಬೇಕೆಂದಿದ್ದೇನೆ. ಪ್ಲಾಸ್ಟಿಕ್ ಚೀಲಗಳ ಬದಲು ಹತ್ತು ಹತ್ತಿಯ ಚೀಲಗಳನ್ನು ಆಗಲೇ ಕೊಂಡಿದ್ದೇನೆ.

ಉತ್ತರ: ಆಟಿಕೆಗಳ ವಿಷಯಕ್ಕೆ ಬರುವ ಮುನ್ನ ಚೀಲಗಳ ಮಾತು. ಬ್ರಿಟನ್ನಿನ ಎನ್ವಿರಾನ್‌ಮೆಂಟ್ ಏಜೆನ್ಸಿ 2011ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಒಮ್ಮೆ ಬಳಸಿ ಎಸೆಯುವ ತೆಳು ಪ್ಲಾಸ್ಟಿಕ್ ಚೀಲಕ್ಕಿಂತ ಹವಾಮಾನದ ದೃಷ್ಟಿಯಿಂದ ಮೇಲೆನಿಸಿಕೊಳ್ಳಲು ಹತ್ತಿಯ ಚೀಲವೊಂದನ್ನು ಕನಿಷ್ಠ 131 ಸಲ ಬಳಸಬೇಕು. ಎರಡನ್ನು ಹೊರಗಿಟ್ಟು, ಅವು ಹರಿಯುವವರೆಗೆ ಬಳಸಿ. ಉಳಿದ ಎಂಟನ್ನು ಬೇರೆ ಮನೆಗಳಿಗೆ ಕೊಡಿ. ಹಳೆಯ ಅಂಗಿಯ ತೋಳು ಕತ್ತರಿಸಿ, ಬುಡ ಹೊಲಿದು ಮಾಡಿದ ಚೀಲಕ್ಕೆ ಈ ಲೆಕ್ಕವೇ ಅನ್ವಯಿಸುವುದಿಲ್ಲ, ಏಕೆಂದರೆ ಅದಕ್ಕಾಗಿ ಹೊಸದಾಗಿ ಹತ್ತಿ ಬೆಳೆದಿಲ್ಲ.

ಆಟಿಕೆಗಳಿಗೂ ಇದೇ ತರ್ಕ. ಮಗು ಈಗ ಆಡುತ್ತಿರುವ, ಗಟ್ಟಿಯಾಗಿರುವ ಪ್ಲಾಸ್ಟಿಕ್ ಗೊಂಬೆಯನ್ನು ಎಸೆದರೆ ಕಸ ಹೆಚ್ಚುತ್ತದೆಯೇ ಹೊರತು ಪ್ಲಾಸ್ಟಿಕ್ ಕಡಿಮೆಯಾಗುವುದಿಲ್ಲ. ಎಸೆಯಬೇಕಾದವು ಬೇರೆ ಇವೆ. ಬಣ್ಣ ಹಕ್ಕಳೆಯೇಳುತ್ತಿರುವ ಹಳೆಯ ಆಟಿಕೆಗಳನ್ನು, ಅವು ಮರದವೇ ಆದರೂ, ಉಳಿಸಬೇಡಿ. ಹಿಂದಿನ ಬಣ್ಣಗಳಲ್ಲಿ ಸೀಸ ಧಾರಾಳವಾಗಿರುತ್ತಿತ್ತು, ಅಮೆರಿಕ ಅದನ್ನು ಆಟಿಕೆ ಮತ್ತು ಮನೆಯ ಬಣ್ಣಗಳಿಂದ ನಿಷೇಧಿಸಿದ್ದೇ 1978ರಲ್ಲಿ. ಮುಟ್ಟಿದರೆ ಅಂಟಂಟಾಗುವ ಹಳೆಯ ಮೆದು ಪಿವಿಸಿ ಗೊಂಬೆಗಳಿಂದ ಥಾಲೇಟ್ ಎಂಬ ಮೆದುಕಾರಕಗಳು ಹೊರಬರುತ್ತಿರಬಹುದು, ಅವೂ ಬೇಡ. ಗುಂಡಿಯಾಕಾರದ ಬ್ಯಾಟರಿಯ ಮುಚ್ಚಳಕ್ಕೆ ತಿರುಪು ಇಲ್ಲದ ಆಟಿಕೆಯನ್ನು ಇವತ್ತೇ ತೆಗೆದಿಡಿ. ನುಂಗಿದ ಬ್ಯಾಟರಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಗಳಲ್ಲಿ ಅಲ್ಲಿನ ಅಂಗಾಂಶವನ್ನು ಸುಡತೊಡಗುತ್ತದೆ. ಬಟ್ಟೆಯ ಗೊಂಬೆ ಹೊಲಿಯುವವರು ಕಣ್ಣಿಗೆ ಗುಂಡಿ ಹೊಲಿಯದೆ ದಾರದಲ್ಲೇ ಕಸೂತಿ ಹಾಕಲಿ, ಗುಂಡಿ ಎಂದಾದರೊಂದು ದಿನ ಬಾಯಿಗೆ ಬರುತ್ತದೆ.

ಪ್ರಶ್ನೆ: ಬಾಲ್ಕನಿಯ ಗೊಬ್ಬರದ ಡಬ್ಬಿ ಗಬ್ಬು ನಾರುತ್ತಿದೆ. ಅತ್ತೆಯವರು ಎಸೆಯಲು ಹೇಳುತ್ತಿದ್ದಾರೆ, ಮಕ್ಕಳು ಬೇಡವೆಂದು ಹಟ ಹಿಡಿದಿದ್ದಾರೆ.

ಉತ್ತರ: ಒಂದು ವಾರ ಸಮಯ ಕೇಳಿಕೊಳ್ಳಿ. ನಾರುವ ಡಬ್ಬಿಯಲ್ಲಿ ಗಾಳಿ ಕಡಿಮೆ, ನೀರು ಹೆಚ್ಚು. ಅಡುಗೆಮನೆಯ ಹಸಿಕಸದಲ್ಲಿ ಸಾರಜನಕ ಜಾಸ್ತಿ. ಗೊಬ್ಬರ ಸರಿಯಾಗಿ ಮಾಗಲು ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಬೇಕು, ಅದು ಒಣ ಎಲೆ, ಹರಿದ ರಟ್ಟು, ಮರದ ಹೊಟ್ಟಿನಲ್ಲಿದೆ. ಡಬ್ಬಿಯನ್ನು ಹಳೆಯ ಹಾಳೆಯ ಮೇಲೆ ಬೋರಲು ಹಾಕಿ, ಹಸಿಕಸದ ಎರಡು ಮೂರು ಪಟ್ಟು ಗಾತ್ರದ ಒಣಸೊಪ್ಪು ಬೆರೆಸಿ, ಮತ್ತೆ ತುಂಬಿ. ಮುಷ್ಟಿಯಲ್ಲಿ ಹಿಂಡಿದಾಗ ಒಂದೆರಡು ಹನಿಗಿಂತ ಹೆಚ್ಚು ನೀರು ಬಂದರೆ ಇನ್ನೂ ಒಣಕಸ ಬೇಕು. ತಳದಲ್ಲಿ ತೂತುಗಳಿರಲಿ, ಪ್ರತಿಸಲ ಹಸಿಕಸ ಹಾಕಿದ ಮೇಲೆ ಒಂದು ಹಿಡಿ ಒಣಎಲೆ ಮುಚ್ಚುವ ಕೆಲಸವನ್ನು ಮಕ್ಕಳಿಗೆ ಒಪ್ಪಿಸಿ. ಅವರು ಮರೆಯುವುದಿಲ್ಲ, ನಾವು ಮರೆಯುತ್ತೇವೆ. ಮಾಂಸ, ಎಣ್ಣೆಯ ಪದಾರ್ಥ, ಡಯಾಪರ್, ಬೆಕ್ಕು ನಾಯಿಗಳ ಮಲ ಇದಕ್ಕೆ ಸೇರಬಾರದು. ಗೊಬ್ಬರವಾಗುತ್ತದೆಂದು ಅಚ್ಚು ಹಾಕಿದ ಚೀಲ, ಚಮಚಗಳಲ್ಲಿ ಹೆಚ್ಚಿನವು ಕಾರ್ಖಾನೆಯಂಥ ದೊಡ್ಡ ಘಟಕಗಳ ಸುಮಾರು 60 ಡಿಗ್ರಿ ಬಿಸಿಯಲ್ಲಷ್ಟೇ ಕರಗುತ್ತವೆ, ನಿಮ್ಮ ಡಬ್ಬಿಯಲ್ಲಲ್ಲ. ಮುಟ್ಟಿದ ಕೈಗಳಿಗೆ ಸಾಬೂನು ಮಾತ್ರ ತಪ್ಪದಿರಲಿ.

ಪ್ರಶ್ನೆ: ಬಟ್ಟೆ ಡಯಾಪರ್, ಮನೆಯ ಬ್ರೆಡ್ಡು, ಗೊಬ್ಬರ, ಕೈಹೊಲಿಗೆ, ಎಲ್ಲವನ್ನೂ ಆರಂಭಿಸಿದ್ದು ಇಬ್ಬರೂ ಸೇರಿ, ಈಗ ಮಾಡುತ್ತಿರುವವಳು ನಾನೊಬ್ಬಳೇ. ಯಜಮಾನರು ಬಂದವರೆದುರು ಹೊಗಳುತ್ತಾರೆ. ಎರಡು ವರ್ಷದ ಮಗುವಿದೆ, ನಾನು ದಣಿದಿದ್ದೇನೆ. ಬಿಟ್ಟುಬಿಡಲೇ?

ಉತ್ತರ: ಕೆಲವನ್ನು ಬಿಟ್ಟುಬಿಡಿ, ಯಾವ ಸಂಕೋಚವೂ ಇಲ್ಲದೆ. ಮನೆಯಲ್ಲೇ ಮಾಡುವುದೆಂಬ ಆದರ್ಶದ ಬೆಲೆಯನ್ನು ಹೆಚ್ಚಿನ ಮನೆಗಳಲ್ಲಿ ಹೆಂಗಸೊಬ್ಬಳ ಸಮಯದಲ್ಲಿ ತೆರಲಾಗುತ್ತಿದೆ, ಅದು ಯಾವ ಲೆಕ್ಕಪತ್ರದಲ್ಲೂ ಕಾಣುವುದಿಲ್ಲ. ನೀವು ಪಟ್ಟಿ ಮಾಡಿರುವ ಕೆಲಸಗಳೆಲ್ಲ ಪರಿಸರದ ದೃಷ್ಟಿಯಿಂದ ಒಂದೇ ತೂಕದವೂ ಅಲ್ಲ. ಬಟ್ಟೆಯ ಡಯಾಪರ್ ಮತ್ತು ಗೊಬ್ಬರ ನಿಜವಾಗಿ ಕಸ ಇಳಿಸುತ್ತವೆ. ಒಂದೇ ಬ್ರೆಡ್ಡಿಗಾಗಿ ಮನೆಯ ಒಲೆಗೂಡನ್ನು ಮುಕ್ಕಾಲು ಗಂಟೆ ಕಾಯಿಸುವುದರಲ್ಲಿ ಅಂಥ ಉಳಿತಾಯವೇನಿಲ್ಲ. ರುಚಿಗಾಗಿ, ಸಂತೋಷಕ್ಕಾಗಿ ಮಾಡುವಿರಾದರೆ ಮಾಡಿ, ಕರ್ತವ್ಯವೆಂದು ಬೇಡ. ಕೈಹೊಲಿಗೆಯನ್ನು ಮಗು ದೊಡ್ಡದಾಗುವವರೆಗೆ ಪೆಟ್ಟಿಗೆಯಲ್ಲಿಡಿ. ಕೆಲಸವಿಲ್ಲದೆಯೇ ಹೊರೆ ಇಳಿಸುವ ದಾರಿಗಳೂ ಇವೆ. ಕೊಳೆಯಾಗದ ಅಂಗಿಯನ್ನು ಇನ್ನೊಂದು ದಿನ ತೊಡಿಸುವುದು, ಮಗುವಿಗೆ ಪ್ರತಿದಿನ ಸೋಪಿನ ಸ್ನಾನ ಮಾಡಿಸದಿರುವುದು, ತಟ್ಟೆಗೆ ಮೊದಲು ಸ್ವಲ್ಪವೇ ಬಡಿಸಿ ಕೇಳಿದರೆ ಮತ್ತೆ ಹಾಕುವುದು, ಹೊಸ ಸಾಮಾನನ್ನು ತಾರದಿರುವುದು.

ಉಳಿಸಿಕೊಂಡ ಎರಡು ಕೆಲಸಗಳಲ್ಲಿ ಒಂದನ್ನು ನಿಮ್ಮ ಯಜಮಾನರಿಗೆ ಪೂರ್ತಿಯಾಗಿ ಒಪ್ಪಿಸಿ. ಸಹಾಯ ಮಾಡಿ ಎಂದು ಕೇಳಬೇಡಿ. ಡಯಾಪರಿನ ಒಗೆತ ಅವರದು ಎಂದರೆ ಪುಡಿ ತರುವುದು, ಬುಟ್ಟಿ ತುಂಬಿತೇ ಎಂದು ನೋಡುವುದು, ಮಳೆ ಬಂದರೆ ಒಳಗೆ ತರುವುದು ಎಲ್ಲವೂ ಅವರದು. ಅವರು ನಿಮ್ಮಂತೆ ಮಡಿಸದಿದ್ದರೆ ಸುಮ್ಮನಿರಿ. ಎರಡು ವರ್ಷದ ಮಗುವಿಗೂ ಕೆಲಸವಿದೆ, ಒಣಗಿದ ಕಾಲುಚೀಲಗಳಲ್ಲಿ ಜೋಡಿ ಹುಡುಕುವುದು. ಸಮಯ ಹೆಚ್ಚು ಹಿಡಿಯುತ್ತದೆ, ಜೋಡಿಗಳೂ ತಪ್ಪುತ್ತವೆ, ಮಗು ಮಾತ್ರ ಅರ್ಧ ಗಂಟೆ ಕದಲುವುದಿಲ್ಲ.

ಪ್ರಶ್ನೆ: ಎರಡನೆಯ ಮಗುವಿಗೆ ಎಲ್ಲವನ್ನೂ ಬೇರೆಯವರು ಬಳಸಿದ್ದನ್ನೇ ತರಬೇಕೆಂದು ತೀರ್ಮಾನಿಸಿದ್ದೇವೆ. ಎಚ್ಚರಿಕೆ ಏನಾದರೂ ಇದೆಯೇ?

ಉತ್ತರ: ಬಟ್ಟೆಬರೆಗೆ ಏನೂ ಇಲ್ಲ, ಹಲವು ಸಲ ಒಗೆದ ಬಟ್ಟೆಯಲ್ಲಿ ಹೊಸ ಬಟ್ಟೆಯ ಗಂಜಿ, ಬಣ್ಣದ ಉಳಿಕೆಗಳೆಲ್ಲ ಹೋಗಿರುವುದರಿಂದ ಎಳೆಯ ಚರ್ಮಕ್ಕೆ ಅದೇ ಒಳ್ಳೆಯದು. ಕಂಬಿಗಳಿರುವ ಮಗುವಿನ ಮಂಚವನ್ನು ತರುವಾಗ ಅಳತೆಯ ಪಟ್ಟಿ ಹಿಡಿದು ಹೋಗಿ: ಕಂಬಿಗಳ ನಡುವಿನ ಅಂತರ 6 ಸೆಂಟಿಮೀಟರ್‌ಗಿಂತ ಹೆಚ್ಚಿರಬಾರದು, ಹಾಸಿಗೆಯ ಅಂಚಿಗೂ ಚೌಕಟ್ಟಿಗೂ ನಡುವೆ ಎರಡು ಬೆರಳು ತೂರಬಾರದು. ಒಂದು ಬದಿ ಕೆಳಗೆ ಜಾರುವ ಹಳೆಯ ಮಾದರಿಯ ಮಂಚವನ್ನು ಉಚಿತವಾಗಿ ಕೊಟ್ಟರೂ ಬೇಡ. ಶಿಶುಗಳು ಸಿಕ್ಕಿಕೊಂಡು ಸತ್ತ ಪ್ರಕರಣಗಳ ನಂತರ ಅಮೆರಿಕದಲ್ಲಿ 2011ರಿಂದ ಅವುಗಳ ಮಾರಾಟವೇ ನಿಂತಿದೆ. ಕಾರಿನಲ್ಲಿ ಮಗುವನ್ನು ಕೂರಿಸುವ ಆಸನವನ್ನು ಮಾತ್ರ ನಿಮಗೆ ಚೆನ್ನಾಗಿ ಗೊತ್ತಿರುವವರಿಂದಲೇ ಪಡೆಯಿರಿ. ಒಮ್ಮೆ ಅಪಘಾತಕ್ಕೆ ಸಿಕ್ಕಿದ ಆಸನದ ಬಿರುಕು ಹೊರಗೆ ಕಾಣದಿರಬಹುದು, ಅವಧಿ ಮುಗಿಯುವ ದಿನಾಂಕವೂ ಅದರ ತಳದಲ್ಲಿ ಅಚ್ಚಾಗಿರುತ್ತದೆ.